ಮಲಪ್ರಭೆಯ ದಂಡೆಯ ದ್ವೀಪಗಳು

ಗ್ರೀಸ್ ದೇಶದ ದ್ವೀಪಗಳ ಬಗ್ಗೆ ಇತ್ತೀಚಿನ ವರ್ಷಗಳಲ್ಲಿ ನಮ್ಮವರಲ್ಲೂ ಆಸೆ ಹುಟ್ಟಿದೆ. ನೀಲಿ ಕಡಲು, ಸುಣ್ಣ ಬಳಿದ ಬಿಳಿ ಮನೆಗಳು, ಬೆಟ್ಟದಂಚಿನ ಕಲ್ಲುಮೆಟ್ಟಿಲುಗಳ ಚಿತ್ರಗಳನ್ನು ಪತ್ರಿಕೆಗಳಲ್ಲಿ, ಸಿನಿಮಾ ಹಾಡುಗಳಲ್ಲಿ ಎಲ್ಲರೂ ನೋಡಿದ್ದಾರೆ. ಏಜಿಯನ್ ಕಡಲಿನ ಒಂದು ದ್ವೀಪ ಸಮೂಹಕ್ಕೆ ಸಿಕ್ಲಡೀಸ್ ಎಂದು ಹೆಸರು. ಡೆಲೋಸ್ ಎಂಬ ಪುಣ್ಯದ್ವೀಪವನ್ನು ಬಳಸಿ ವೃತ್ತಾಕಾರದಲ್ಲಿ ನಿಂತಿವೆ ಎಂಬ ಕಾರಣಕ್ಕೆ ಆ ಹೆಸರು ಬಂತಂತೆ. ಅಲ್ಲಿ ನ್ಯಾಕ್ಸೋಸ್ ಅಮೃತಶಿಲೆಗೆ ಹೆಸರಾದದ್ದು, ಸ್ಯಾಂಟೊರಿನಿ ಜ್ವಾಲಾಮುಖಿ ಸಿಡಿದು ಉಳಿದ ಅಂಚು. ಒಂದರಂತೆ ಇನ್ನೊಂದಿಲ್ಲ. ಪ್ರವಾಸಿಯನ್ನು ಸೆಳೆಯುವ ಗುಟ್ಟು ಇದೇ. ಅರ್ಧ ದಿನದ ದೋಣಿ ಪಯಣದಲ್ಲಿ ಬೇರೊಂದು ಲೋಕ ತೆರೆದುಕೊಳ್ಳುತ್ತದೆ.

ಆ ಕಡಲಿನ ದ್ವೀಪಗಳು ಯಾವ ಒಂದು ಜನಾಂಗದ ಸೊತ್ತೂ ಆಗಿ ಉಳಿದಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಸ್ಪೇನಿನಿಂದ ಹೊರಬಿದ್ದ ಅಂದಲೂಸಿಯದ ಮುಸ್ಲಿಮರು ಒಂಬತ್ತನೆಯ ಶತಮಾನದಲ್ಲಿ ಕ್ರೀಟ್ ದ್ವೀಪಕ್ಕೆ ಬಂದು ನೆಲೆಸಿ, 961ರವರೆಗೆ ಅಲ್ಲಿ ಅಮೀರರ ಆಳ್ವಿಕೆ ನಡೆಸಿದರು. ಅವರು ಕಟ್ಟಿದ ಕೋಟೆಯೂರಿಗೆ ‘ಖಂದಕ್’ ಎಂದು ಹೆಸರು. ಆ ಅರಬ್ಬಿ ಹೆಸರೇ ಮುಂದೆ ವೆನಿಸ್‌ನವರ ಬಾಯಲ್ಲಿ ‘ಕ್ಯಾಂಡಿಯಾ’ ಆಗಿ ಇಡೀ ದ್ವೀಪಕ್ಕೆ ಅಂಟಿಕೊಂಡಿತು. 1522ರಲ್ಲಿ ಸುಲ್ತಾನ್ ಸುಲೈಮಾನರ ವಶವಾದ ರೋಡ್ಸ್‌ನ ಹಳೆಯ ಪೇಟೆಯಲ್ಲಿ ಚರ್ಚುಗಳ ನಡುವೆ ಮಸೀದಿಯ ಗುಮ್ಮಟಗಳು ಇಂದಿಗೂ ಇವೆ. ಪ್ರವಾಸಿಗಳು ಎರಡನ್ನೂ ನೋಡುತ್ತಾರೆ.

ಅಷ್ಟು ದೂರ ಹೋಗುವ ಶಕ್ತಿ ಎಲ್ಲರಿಗೂ ಇಲ್ಲ. ಆದರೆ ನೆಲದ ಮೇಲಿನ ಇಂಥದೇ ಒಂದು ದ್ವೀಪ ಸಮೂಹ ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿದೆ. ಜೋಳದ ಹೊಲಗಳ ನಡುವೆ ಕೆಂಪು ಕಲ್ಲಿನ ಗುಡ್ಡಗಳು, ಗುಡ್ಡದ ಬುಡದಲ್ಲಿ ಊರುಗಳು, ಊರುಗಳನ್ನು ಪೋಣಿಸುವ ಮಲಪ್ರಭಾ ನದಿ. ಐಹೊಳೆ, ಪಟ್ಟದಕಲ್ಲು, ಬಾದಾಮಿ, ಮಹಾಕೂಟ, ಕೂಡಲಸಂಗಮ, ಇಳಕಲ್ಲು, ಗುಳೇದಗುಡ್ಡ. ಒಂದರಿಂದ ಇನ್ನೊಂದಕ್ಕೆ ಹೆಚ್ಚೆಂದರೆ ಒಂದೆರಡು ಗಂಟೆಯ ಹಾದಿ. ಪ್ರತಿಯೊಂದಕ್ಕೂ ಅದರದೇ ಸ್ವಭಾವ. ಗ್ರೀಕ್ ಭಾಷೆಯಲ್ಲಿ ಬರೆದ ಭೂಗೋಳಜ್ಞ ಟಾಲೆಮಿಗೂ ಈ ಸೀಮೆ ಗೊತ್ತಿತ್ತು. ಎರಡನೆಯ ಶತಮಾನದ ಅವನ ಗ್ರಂಥದ ‘ಬದಿಯಮಾಯಿ’ಯನ್ನು ಬಾದಾಮಿಯೆಂದೂ ‘ಪೆಟಿರ್ಗಲ’ವನ್ನು ಪಟ್ಟದಕಲ್ಲೆಂದೂ ವಿದ್ವಾಂಸರು ಗುರುತಿಸಿದ್ದಾರೆ.

ಹೆಬ್ಬಾಗಿಲಲ್ಲಿ ಅಮೀನಗಡ

ಈ ಸಮೂಹಕ್ಕೆ ಬಂದರು ಎನ್ನಬಹುದಾದ ಊರು ಅಮೀನಗಡ. ಬಾಗಲಕೋಟೆಯಿಂದ ಹುನಗುಂದದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಹುನಗುಂದ ತಾಲೂಕಿನ ಈ ಊರು ಸಿಗುತ್ತದೆ. ಇಲ್ಲಿಂದ ಒಂದು ಕವಲು ಐಹೊಳೆಗೆ ತಿರುಗುತ್ತದೆ. ದೂರ ಹತ್ತು ಕಿಲೋಮೀಟರ್ ಆಸುಪಾಸು. ಐಹೊಳೆಗೆ ಹೋಗುವ ಪ್ರವಾಸಿ ಬಸ್ಸುಗಳಲ್ಲಿ ಹೆಚ್ಚಿನವು ಇಲ್ಲಿ ನಿಲ್ಲುವುದು ಕರದಂಟಿನ ಡಬ್ಬಿಗಾಗಿ ಮಾತ್ರ.

ಹಾಗೆ ನಿಲ್ಲುವುದರಲ್ಲಿ ತಪ್ಪೇನೂ ಇಲ್ಲ. ಅಮೀನಗಡದ ಕರದಂಟು ನಿಂತು ಕೊಳ್ಳಬೇಕಾದ ತಿನಿಸೇ. ತಿನ್ನುವ ಅಂಟನ್ನು ತುಪ್ಪದಲ್ಲಿ ಕರಿದರೆ ಅದು ಅರಳಿನ ಹಾಗೆ ಉಬ್ಬುತ್ತದೆ. ಅದಕ್ಕೆ ಬೆಲ್ಲದ ಪಾಕ, ಒಣಕೊಬ್ಬರಿ, ಉತ್ತತ್ತಿ, ಬಾದಾಮಿ, ಗೋಡಂಬಿ ಸೇರುತ್ತವೆ. ಕರಿದ ಅಂಟೇ ಕರದಂಟು. ಬಾಣಂತಿಯರಿಗೆ, ಗರಡಿಯ ಪೈಲ್ವಾನರಿಗೆ ಶಕ್ತಿ ಬರಲೆಂದು ಮನೆಗಳಲ್ಲಿ ಮಾಡುತ್ತಿದ್ದದ್ದು ಪೇಟೆಯ ತಿನಿಸಾಗಿ ಊರಿಗೇ ಹೆಸರು ತಂದಿತು. ಇದರ ಒಳಗಿನ ಸಾಮಾನುಗಳನ್ನು ನೋಡಿದರೂ ಒಂದು ಇತಿಹಾಸ ಕಾಣುತ್ತದೆ. ಬೆಲ್ಲ ನಮ್ಮ ಕಬ್ಬಿನದು. ಕೊಬ್ಬರಿ ತೆಂಗಿನ ಸೀಮೆಯದು. ಉತ್ತತ್ತಿ ಅರಬರ ನಾಡಿನ ಖರ್ಜೂರದ್ದು. ಹೊರಗಿನಿಂದ ಬಂದದ್ದನ್ನು ಬಾಣಲೆಯಲ್ಲಿ ಒಂದು ಮಾಡಿ, ಇದು ನಮ್ಮದು ಎಂದು ಹೇಳುವ ಅಧಿಕಾರವನ್ನು ಊರು ಗಳಿಸಿಕೊಂಡಿದೆ.

ಊರಿನ ಹೆಸರಿನಲ್ಲೂ ಇಂಥದೇ ಬೆರಕೆಯಿದೆ. ‘ಅಮೀನ’ ಅರಬ್ಬಿ ಪದ. ನಂಬಿಕೆಗೆ ಅರ್ಹನಾದವನು ಎಂದು ಅರ್ಥ. ಪ್ರವಾದಿ ಮುಹಮ್ಮದ್(ಸ)ರನ್ನು ಮಕ್ಕಾದ ಜನ ಪ್ರವಾದಿತ್ವಕ್ಕೆ ಮೊದಲೇ ‘ಅಲ್ ಅಮೀನ್’ ಎಂದು ಕರೆಯುತ್ತಿದ್ದರು. ಸುಲ್ತಾನರ ಕಾಲದ ಕಂದಾಯ ಆಡಳಿತದಲ್ಲಿ ಅಮೀನರೆಂಬ ಅಧಿಕಾರಿಗಳಿದ್ದರು. ‘ಗಡ’ ಎಂದರೆ ಕೋಟೆ, ಇದು ದೇಶಿ ಮಾತು. ಇಲ್ಲಿಯ ಕುರಿ ಸಂತೆಯೂ ಸುತ್ತಲಿನ ಜಿಲ್ಲೆಗಳಿಗೆ ಪರಿಚಿತ. ಬಕ್ರೀದ್ ಹತ್ತಿರ ಬಂದಾಗ ಕುರಿ ಸಾಕಿದ ಕುರುಬರಿಗೂ ಕೊಳ್ಳಲು ಬಂದ ಮುಸ್ಲಿಮರಿಗೂ ಅದು ಏಕಕಾಲಕ್ಕೆ ಹಬ್ಬದ ಸಂತೆ. ಒಬ್ಬರ ಆರಾಧನೆ ಇನ್ನೊಬ್ಬರ ವರ್ಷದ ಗಂಜಿಯಾಗುವ ಈ ಸಂಬಂಧವನ್ನು ಯಾವ ಪ್ರವಾಸಿ ಕೈಪಿಡಿಯೂ ಬರೆಯುವುದಿಲ್ಲ.

ಗುಡಿಗೆ ಸಾಬರ ಹೆಸರು ಯಾಕೆ?

ಐಹೊಳೆಯಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ. ಚಾಲುಕ್ಯರ ಕಾಲದ ಶಿಲ್ಪಿಗಳು ಕಲ್ಲಿನಲ್ಲಿ ಗುಡಿ ಕಟ್ಟುವ ಬಗೆಬಗೆಯ ಪ್ರಯೋಗಗಳನ್ನು ಇಲ್ಲಿ ಮಾಡಿದರು. ಹಿಂಬದಿ ಗಜಪೃಷ್ಠದಂತೆ ದುಂಡಾಗಿರುವ ದುರ್ಗ ಗುಡಿ ಎಲ್ಲರ ಕಣ್ಣು ಸೆಳೆಯುತ್ತದೆ. ಅದರ ಹೆಸರು ದುರ್ಗಾದೇವಿಯಿಂದ ಬಂದದ್ದಲ್ಲ. ಹಿಂದೆ ಅದು ದುರ್ಗದ, ಅಂದರೆ ಕೋಟೆಯ ಭಾಗವಾಗಿತ್ತು. ಅದರ ಬಳಿಯಲ್ಲೇ ಇರುವ ತಗ್ಗು ಚಾವಣಿಯ ಚೌಕಾಕಾರದ ಗುಡಿಯ ಹೆಸರು ಲಾಡಖಾನ ಗುಡಿ.

ಇಲ್ಲಿ ನಿಂತ ಪ್ರವಾಸಿಗಳು ಒಂದಲ್ಲ ಒಂದು ಸಲ ಕೇಳುವ ಪ್ರಶ್ನೆ, “ಗುಡಿಗೆ ಸಾಬರ ಹೆಸರು ಯಾಕ್ರೀ?” ಕೆಲವರ ದನಿಯಲ್ಲಿ ಕುತೂಹಲ ಇರುತ್ತದೆ. ಕೆಲವರ ದನಿಯಲ್ಲಿ ಸಿಟ್ಟು. ಉತ್ತರ ಸರಳವಾದದ್ದು. ಲಾಡ್ ಖಾನ್ ಎಂಬವರು ಒಂದು ಕಾಲದಲ್ಲಿ ಅದರೊಳಗೆ ವಾಸವಾಗಿದ್ದರು. ಊರವರು ಅದನ್ನು ಲಾಡಖಾನನ ಮನೆ, ಲಾಡಖಾನನ ಗುಡಿ ಎಂದು ಕರೆದರು. ಮುಂದೆ ಅಳತೆ ಮಾಡಿ ನಕ್ಷೆ ಬರೆಯಲು ಬಂದ ಪುರಾತತ್ವದವರು ಊರವರ ಬಾಯಲ್ಲಿದ್ದ ಹೆಸರನ್ನೇ ಬರೆದುಕೊಂಡರು.

ಇದೊಂದೇ ಗುಡಿಗೆ ಹೀಗಾದದ್ದಾದರೆ ವಿಚಿತ್ರ ಎನ್ನಬಹುದಿತ್ತು. ಆದರೆ ಐಹೊಳೆಯ ಹೆಸರುಗಳ ಪಟ್ಟಿಯನ್ನು ಒಮ್ಮೆ ಓದಿ: ಅಂಬಿಗೇರ ಗುಡಿ, ಬಡಿಗೇರ ಗುಡಿ, ಗೌಡರ ಗುಡಿ, ಹುಚ್ಚಪ್ಪಯ್ಯನ ಗುಡಿ, ಹುಚ್ಚಪ್ಪಯ್ಯನ ಮಠ. ಅಂಬಿಗರು, ಬಡಿಗರು, ಗೌಡರು, ಒಬ್ಬ ಸಾಧು, ಒಬ್ಬ ಖಾನ್. ಪೂಜೆ ನಿಂತು ದೇವರಿಲ್ಲದೆ ಬರಿದಾದ ಗುಡಿಗಳಲ್ಲಿ ಊರಿನ ಜನ ಸಂಸಾರ ಹೂಡಿದರು, ದನ ಕಟ್ಟಿದರು, ಒಲೆ ಹಚ್ಚಿದರು. ಬಿಸಿಲು, ಮಳೆ, ಕಳ್ಳಕಾಕರ ಭಯದಲ್ಲಿ ಬದುಕಿದ ಬಡವರಿಗೆ ಆ ಗಟ್ಟಿ ಕಲ್ಲಿನ ಮಾಡು ಆಸರೆಯಾಯಿತು. ಕಟ್ಟಿಸಿದ ರಾಜನ ಹೆಸರನ್ನು ಜನ ಮರೆತಿದ್ದರು. ಒಳಗೆ ದೀಪ ಹಚ್ಚುತ್ತಿದ್ದವರ ಹೆಸರು ಅವರಿಗೆ ನೆನಪಿತ್ತು.

ಲಾಡಖಾನನ ಗುಡಿಯನ್ನು ಒಡೆದವರ ಹೆಸರಲ್ಲ, ಅದರಲ್ಲಿ ಇದ್ದವರ ಹೆಸರು ಉಳಿದಿದೆ. ಕಟ್ಟಡವನ್ನು ನೋಡಿದರೂ ಇದು ತಿಳಿಯುತ್ತದೆ. ಮುಖಮಂಟಪದ ಕಂಬಗಳ ಮೇಲಿನ ಮಿಥುನ ಶಿಲ್ಪಗಳು, ಕಲ್ಲಿನ ಜಾಲಂಧ್ರಗಳು, ನಡುವಿನ ನಂದಿ ಇವೆಲ್ಲ ಅಲ್ಲಿಯೇ ಇವೆ. ಚಾವಣಿಯ ಚಪ್ಪಡಿಗಳ ಸಂದಿನಲ್ಲಿ ಮಳೆನೀರು ಇಳಿಯದಂತೆ ಉದ್ದನೆಯ ಕಲ್ಲಿನ ಪಟ್ಟಿಗಳನ್ನು ಮರದ ದಿಮ್ಮಿಗಳ ಹಾಗೆ ಹೊಂದಿಸಿದ್ದಾರೆ. ಮರದ ಮನೆ ಕಟ್ಟಿ ಬಲ್ಲ ಕೈಗಳು ಕಲ್ಲಿಗೆ ಇಳಿದ ಗುರುತು ಅದು. ಒಂದು ಕಾಲದಲ್ಲಿ ಇದನ್ನು ಐದನೆಯ ಶತಮಾನದ್ದು ಎನ್ನುತ್ತಿದ್ದರು. ಈಗ ಹೆಚ್ಚಿನ ವಿದ್ವಾಂಸರು ಏಳನೆಯ ಶತಮಾನದ ಕೊನೆ ಅಥವಾ ಎಂಟನೆಯ ಶತಮಾನಕ್ಕೆ ತಂದಿದ್ದಾರೆ.

634ರ ಶಾಸನ

ಊರ ಪಕ್ಕದ ಮೇಗುತಿ ಗುಡ್ಡವನ್ನು ಹತ್ತಬೇಕು. ದಾರಿಯಲ್ಲಿ ಎರಡಂತಸ್ತಿನ ಬೌದ್ಧ ಚೈತ್ಯ ಸಿಗುತ್ತದೆ. ತುದಿಯಲ್ಲಿ ಜೈನ ಬಸದಿಯಿದೆ. ಅದರ ಗೋಡೆಯಲ್ಲಿ ಕವಿ ರವಿಕೀರ್ತಿ ಬರೆದ ಸಂಸ್ಕೃತ ಶಾಸನವಿದೆ. ಇಮ್ಮಡಿ ಪುಲಕೇಶಿ ಹರ್ಷವರ್ಧನನನ್ನು ತಡೆದು ನಿಲ್ಲಿಸಿದ ಸಂಗತಿ ಇದರಲ್ಲಿ ದಾಖಲಾಗಿದೆ. ಕಾಳಿದಾಸ, ಭಾರವಿಯರ ಹೆಸರುಗಳೂ ಇಲ್ಲಿವೆ. ಆ ಕವಿಗಳ ಕಾಲ ನಿರ್ಣಯಕ್ಕೆ ಈ ಕಲ್ಲೇ ಒಂದು ಆಧಾರ. ಶಿವಭಕ್ತರ, ವಿಷ್ಣುಭಕ್ತರ ಗುಡಿಗಳು ಕೆಳಗೆ, ಬುದ್ಧನ ಚೈತ್ಯ ನಡುವೆ, ಜಿನಾಲಯ ಮೇಲೆ. ಒಂದೇ ಗುಡ್ಡದ ಏರು ಇದು.

ಶಾಸನದ ಕಾಲ ಶಕ 556, ಅಂದರೆ ಕ್ರಿ.ಶ. 634. ಪ್ರವಾದಿ(ಸ)ಯವರು ನಿಧನರಾಗಿ ಆಗ ಎರಡು ವರ್ಷ. ಹಜ್ರತ್ ಉಮರ್(ರ) ಖಲೀಫರಾದದ್ದೂ ಅದೇ ವರ್ಷ. ಪುಲಕೇಶಿ ಪಟ್ಟಕ್ಕೆ ಬಂದದ್ದು 610ರ ಸುಮಾರಿಗೆ. ಹಿರಾ ಗುಹೆಯಲ್ಲಿ ಮೊದಲ ದಿವ್ಯವಾಣಿ ಅವತೀರ್ಣವಾದ ವರ್ಷವೂ ಅದೇ. ಎರಡು ಬೇರೆ ಬೇರೆ ಪಾಠಗಳಾಗಿ ಓದಿದ ಇತಿಹಾಸ ಹೀಗೆ ಒಂದೇ ಕಾಲದ್ದಾಗಿತ್ತು ಎಂಬುದು ನಮ್ಮ ಮಕ್ಕಳಿಗೆ ತಿಳಿದಿರುವುದಿಲ್ಲ.

ಕಡಲ ಸಂಪರ್ಕವೂ ಆಗಲೇ ಇತ್ತು. ಭಾರತದ ರಾಜನೊಬ್ಬನು ಇರಾನಿನ ದೊರೆ ಖುಸ್ರೋವಿಗೆ ನಿಯೋಗ ಕಳಿಸಿದ್ದನ್ನು ಇತಿಹಾಸಕಾರ ತಬರಿ ದಾಖಲಿಸಿದ್ದಾನೆ. ಆ ರಾಜ ಪುಲಕೇಶಿಯೇ ಎಂದು ಹಲವು ವಿದ್ವಾಂಸರ ಅಭಿಪ್ರಾಯ. ಉಮರ್(ರ) ಅವರ ಕಾಲದಲ್ಲಿ, 636ರ ಸುಮಾರಿಗೆ, ಬಹ್ರೈನಿನ ಅಧಿಕಾರಿ ಠಾಣೆಯ ರೇವಿಗೆ ಹಡಗು ದಂಡು ಕಳಿಸಿದ. ತಮ್ಮ ಅಪ್ಪಣೆಯಿಲ್ಲದೆ ಜನರನ್ನು ಕಡಲಿಗೆ ಒಡ್ಡಿದ್ದಕ್ಕೆ ಖಲೀಫರು ಅವನನ್ನು ಕಟುವಾಗಿ ಗದರಿದರು ಎಂದು ಬಲಾದುರಿ ಬರೆದಿದ್ದಾನೆ. ಒಂದು ಶತಮಾನದ ಬಳಿಕ ಸಿಂಧ್ ಕಡೆಯಿಂದ ಬಂದ ಅರಬ್ ಸೇನೆಯನ್ನು ಗುಜರಾತಿನ ನವಸಾರಿಯ ಬಳಿ ಚಾಲುಕ್ಯ ಮನೆತನದ ಅವನಿಜನಾಶ್ರಯ ಪುಲಕೇಶಿ ಸೋಲಿಸಿದ. 739ರ ತಾಮ್ರಪಟ ಅದನ್ನು ಹೇಳುತ್ತದೆ. ಯುದ್ಧವನ್ನು ಮುಚ್ಚಿಡಬೇಕಿಲ್ಲ. ಜತೆಗೆ ನಡೆದ ವ್ಯಾಪಾರವನ್ನೂ ಮುಚ್ಚಿಡಬಾರದು.

ದ್ವೀಪಗಳಿಗೆ ಹೋದ ಐಹೊಳೆಯವರು

ಆ ವ್ಯಾಪಾರದ ದೊಡ್ಡ ಹೆಸರೇ ಐಹೊಳೆಯದು. ಹಳೆಯ ಶಾಸನಗಳಲ್ಲಿ ಈ ಊರು ಅಯ್ಯಾವೊಳೆ. ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕರ ಸಂಘ ಶತಮಾನಗಳ ಕಾಲ ದಕ್ಷಿಣ ಭಾರತದ ಸಂತೆಗಳನ್ನೂ ರೇವುಗಳನ್ನೂ ಆಳಿತು. ಕತ್ತೆ, ಎತ್ತು, ಕೋಣಗಳ ಮೇಲೆ ಹೇರು ಹೊರಿಸಿಕೊಂಡು ಹೊರಟವರು ಕೊನೆಗೆ ಹಡಗು ಹತ್ತಿದರು. ಶ್ರೀಲಂಕಾದಲ್ಲಿ ಅವರ ಶಾಸನಗಳಿವೆ. ಕರ್ಪೂರಕ್ಕೆ ಹೆಸರಾದ ಸುಮಾತ್ರಾ ದ್ವೀಪದ ಬಾರುಸ್ ಬಳಿ, ಲೋಬು ತುವಾ ಎಂಬಲ್ಲಿ, 1088ರ ತಮಿಳು ಶಾಸನವೊಂದು ಐನೂರ್ವರದು. ಮಲಪ್ರಭೆಯ ದಂಡೆಯ ಪುಟ್ಟ ಊರಿನ ಹೆಸರು ಹೊತ್ತ ಸಂಘ ಇಂಡೋನೇಷ್ಯಾದ ದ್ವೀಪದಲ್ಲಿ ಕಲ್ಲು ನಿಲ್ಲಿಸಿತ್ತು!

ಕರಾವಳಿಯ ರೇವುಗಳಲ್ಲಿ ಇವರಂಥ ದೇಶಿ ವರ್ತಕರಿಗೆ ಜತೆಯಾಗಿ ‘ಅಂಜುವಣ್ಣಂ’ ಎಂಬ ಇನ್ನೊಂದು ಸಂಘವಿತ್ತು. ಅದರಲ್ಲಿದ್ದವರು ಪಶ್ಚಿಮ ಏಷ್ಯಾದಿಂದ ಬಂದ ವರ್ತಕರು. ಕೇರಳದ ಕೊಲ್ಲಂನ 849ರ ತಾಮ್ರಪಟದಲ್ಲಿ ಈ ಅಂಜುವಣ್ಣಂ ಹೆಸರಿದೆ. ಕ್ರೈಸ್ತ ಚರ್ಚೊಂದಕ್ಕೆ ಕೊಟ್ಟ ದತ್ತಿಯ ಆ ಪಟದಲ್ಲಿ ಸಾಕ್ಷಿಗಳ ರುಜು ಅರಬ್ಬಿ ಕೂಫಿ ಲಿಪಿಯಲ್ಲಿ, ಪಹ್ಲವಿಯಲ್ಲಿ, ಹೀಬ್ರೂ ಅಕ್ಷರದ ಪಾರಸಿಯಲ್ಲಿ ಇವೆ. ಮುಸ್ಲಿಮರು, ಪಾರಸಿಗಳು, ಯಹೂದಿಗಳು ಸೇರಿ ಹಿಂದೂ ಒಡೆಯನ ದಾನಕ್ಕೆ ಸಾಕ್ಷಿ ಹಾಕಿದ್ದರು. ವ್ಯಾಪಾರಕ್ಕೆ ಬೇಕಾದದ್ದು ನಂಬಿಕೆ. ಅಮೀನ ಎಂಬ ಪದಕ್ಕೆ ಇರುವ ಅರ್ಥವೂ ಅದೇ.

ಗೆದ್ದವನು ಹಿಂತಿರುಗಿಸಿದ್ದು

ಐಹೊಳೆಯಿಂದ ಹದಿಮೂರು ಹದಿನಾಲ್ಕು ಕಿಲೋಮೀಟರ್ ಹೋದರೆ ಪಟ್ಟದಕಲ್ಲು. ನದಿ ಇಲ್ಲಿ ಉತ್ತರಕ್ಕೆ ಹರಿಯುತ್ತದೆ. ಚಾಲುಕ್ಯ ದೊರೆಗಳ ಪಟ್ಟಾಭಿಷೇಕದ ಊರು ಇದು. 1987ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಉತ್ತರದ ಶೈಲಿಯ ಶಿಖರವೂ ದಕ್ಷಿಣದ ವಿಮಾನವೂ ಒಂದೇ ಆವರಣದಲ್ಲಿ ಅಕ್ಕಪಕ್ಕ ನಿಂತಿರುವುದು ಇಲ್ಲಿಯ ವಿಶೇಷ.

ದೊಡ್ಡದಾದ ವಿರೂಪಾಕ್ಷ ಗುಡಿಯ ಹಿಂದೆ ಒಂದು ಕಥೆಯಿದೆ. 642ರಲ್ಲಿ ಕಂಚಿಯ ಪಲ್ಲವ ದೊರೆ ನರಸಿಂಹವರ್ಮ ಬಾದಾಮಿಯನ್ನು ಗೆದ್ದು, ತನ್ನ ಗೆಲುವನ್ನು ಅಲ್ಲಿಯ ಬಂಡೆಯ ಮೇಲೆಯೇ ಕೆತ್ತಿಸಿದ. ಸುಮಾರು ನೂರು ವರ್ಷದ ಮೇಲೆ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಸೇಡು ತೀರಿಸಿಕೊಳ್ಳಲು ಅವನಿಗೆ ಕಾರಣವೂ ಇತ್ತು, ಬಲವೂ ಇತ್ತು. ಅವನು ಊರನ್ನು ಸುಡಲಿಲ್ಲ. ಕಂಚಿಯ ಕೈಲಾಸನಾಥ ಗುಡಿಯ ಸಂಪತ್ತನ್ನು ನೋಡಿ ಅದನ್ನು ದೇವರಿಗೇ ಹಿಂತಿರುಗಿಸಿದ. ಈ ಸಂಗತಿಯನ್ನು ಅದೇ ಗುಡಿಯಲ್ಲಿ ಕನ್ನಡದಲ್ಲಿ ಕೆತ್ತಿಸಿದ್ದಾರೆ. ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿಯೇ ವಿರೂಪಾಕ್ಷ. ಕಟ್ಟಿದ ಶಿಲ್ಪಿ ಗುಂಡ ಅನಿವಾರಿತಾಚಾರಿಯ ಹೆಸರೂ ಶಾಸನದಲ್ಲಿದೆ. ಇದರ ವಿನ್ಯಾಸದಲ್ಲಿ ಸೋತ ಕಂಚಿಯ ಕಲೆಯ ಪ್ರಭಾವ ಎದ್ದು ಕಾಣುತ್ತದೆ. ಗೆದ್ದವರು ಸೋತವರಿಂದ ಕಲಿತರು. ನೂರು ವರ್ಷಗಳ ಹಿಂದಿನ ಸೇಡುಗಳನ್ನು ಇವತ್ತಿನ ನೆರೆಯವನ ಮೇಲೆ ತೀರಿಸಲು ಹೊರಟವರು ಈ ಗುಡಿಯ ನೆರಳಿನಲ್ಲಿ ಒಂದು ಗಳಿಗೆ ಕೂತು ಬರಬೇಕು.

ಬಾದಾಮಿಯ ಕೆಂಪು ಬಂಡೆ

ಬಾದಾಮಿ ಈ ಸಮೂಹದ ರಾಜಧಾನಿ. ಎರಡು ಕೆಂಪು ಬಂಡೆಗುಡ್ಡಗಳ ನಡುವೆ ಅಗಸ್ತ್ಯತೀರ್ಥ ಕೆರೆ. 543ರಲ್ಲಿ ಒಂದನೆಯ ಪುಲಕೇಶಿ ಇಲ್ಲಿ ಕೋಟೆ ಕಟ್ಟಿಸಿದ ಶಾಸನ ಬಂಡೆಯ ಮೇಲಿದೆ. ದಕ್ಷಿಣದ ಗುಡ್ಡದಲ್ಲಿ ನಾಲ್ಕು ಗುಹೆಗಳು. ಮೊದಲನೆಯದು ಶಿವನದು, ಮುಂದಿನ ಎರಡು ವಿಷ್ಣುವಿನವು, ನಾಲ್ಕನೆಯದು ಜೈನರದು. ಮೂರನೆಯ ಗುಹೆಯಲ್ಲಿ 578ರ ಶಾಸನವಿದೆ. ಕೆರೆಯ ಆಚೆ, ತಟ್ಟುಕೋಟೆಯ ಕಡೆಯ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡದ ತ್ರಿಪದಿ ಕಲ್ಲಿನ ಮೇಲೆ ಮೊದಲು ಕಾಣುವುದು ಅಲ್ಲಿಯೇ.

ಗುಹೆಗಳಿಗೆ ಹತ್ತುವ ಗುಡ್ಡದ ಬುಡದಲ್ಲಿ ಮಲಿಕ್ ಅಬ್ದುಲ್ ಅಜೀಜ್ ಅವರ ಗೋರಿಯ ಗುಮ್ಮಟ ಇದೆ. ಹೆಚ್ಚಿನ ಪ್ರವಾಸಿಗಳು ಅದನ್ನು ದಾಟಿಕೊಂಡೇ ಹೋಗುತ್ತಾರೆ, ಯಾರದೆಂದು ಕೇಳುವವರು ಕಡಿಮೆ. ಬಾದಾಮಿಯ ಕೋಟೆ ವಿಜಯನಗರದವರ, ಬಿಜಾಪುರದ ಆದಿಲ್‌ಶಾಹಿಗಳ, ಮರಾಠರ, ಹೈದರ್ ಮತ್ತು ಟಿಪ್ಪುವಿನ ಕೈ ದಾಟಿತು. 1786ರಲ್ಲಿ ಅದನ್ನು ಟಿಪ್ಪುವಿನಿಂದ ಕಸಿದವರು ಪೇಶ್ವೆಯ ಮರಾಠರು ಮತ್ತು ಹೈದರಾಬಾದಿನ ನಿಜಾಮ. ಇಬ್ಬರೂ ಒಂದೇ ಪಾಳಯದಲ್ಲಿದ್ದರು. ಧರ್ಮದ ಗೆರೆ ಎಳೆದು ಆ ಯುದ್ಧಗಳನ್ನು ಓದಿದರೆ ಲೆಕ್ಕ ತಪ್ಪುತ್ತದೆ. 1818ರಲ್ಲಿ ಮನ್ರೋ ಕೋಟೆಯನ್ನು ಕಂಪನಿಗೆ ಸೇರಿಸಿದ. 1840ರ ಸುಮಾರಿಗೆ ನರಸಿಂಹ ದತ್ತಾತ್ರೇಯ ಪೇಟಕರ ಎಂಬ ಅಂಧ ಬ್ರಾಹ್ಮಣನೊಬ್ಬ ನಿಜಾಮನ ಸೀಮೆಯಿಂದ ಅರಬ್ ಸಿಪಾಯಿಗಳ ದಂಡು ಕಟ್ಟಿಕೊಂಡು ಬಂದು ಬಾದಾಮಿಯನ್ನು ಇಂಗ್ಲಿಷರಿಂದ ಕಿತ್ತುಕೊಂಡ. ಬಂಡಾಯ ಬೇಗನೆ ಅಡಗಿತು. ಆದರೆ ಆ ದಂಡಿನ ಚಿತ್ರವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಬೇಕು.

ಮಗ್ಗ, ದರ್ಗಾ, ಸಂಗಮ

ಅಮೀನಗಡದ ಇನ್ನೊಂದು ದಿಕ್ಕಿಗೆ ಹುನಗುಂದ ದಾಟಿ ಹೋದರೆ ಇಳಕಲ್ಲು. ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಬೇರೆ ನೂಲು ಹೂಡಿ, ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವುದು ಇಲ್ಲಿಯ ನೇಕಾರರ ವಿದ್ಯೆ. ಆ ಕೆಂಪು ಸೆರಗಿನ ಬಿಳಿ ತೆನೆಗಳಿಗೆ ತೋಪ್‌ತೆನಿ ಎನ್ನುತ್ತಾರೆ. ಅದರ ಜತೆಗೆ ಗುಳೇದಗುಡ್ಡದ ಖಣದ ಕುಪ್ಪಸ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಜಾತಿ ಮತ ನೋಡದೆ ಉಟ್ಟ ಉಡುಗೆ ಇದು. ಊರಿನಲ್ಲಿ ಮಹಾಂತೇಶ್ವರ ಮಠವಿದೆ, ಹಜ್ರತ್ ಮುರ್ತುಜಾ ಖಾದ್ರಿ ಅವರ ದರ್ಗಾ ಇದೆ. ಎರಡೂ ಕಡೆಗೆ ಎರಡೂ ಸಮುದಾಯದವರು ಹೋಗುತ್ತಾರೆ.

ಕೃಷ್ಣೆ ಮತ್ತು ಮಲಪ್ರಭೆ ಕೂಡುವ ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯ ಮಂಟಪವಿದೆ. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಬಂದಾಗ ಅದನ್ನು ಬಳಸಿ ಎತ್ತರದ ಗೋಡೆ ಕಟ್ಟಿದರು. ಈಗ ನೀರಿನ ನಡುವೆ ಹೋಗಿ, ಬಾವಿಗೆ ಇಳಿದಂತೆ ಮೆಟ್ಟಿಲಿಳಿಯಬೇಕು. ನಮ್ಮ ಸಮೂಹದ ನಿಜವಾದ ದ್ವೀಪ ಇದೊಂದೇ. ಹುಟ್ಟಿನಿಂದ ಯಾರೂ ಮೇಲಲ್ಲ ಎಂದ ಶರಣರ ನೆನಪಿಗೆ ನೀರು ದಾರಿ ಬಿಟ್ಟಿದೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೆಯ ಬಾಗಲಕೋಟೆಯ ಎಷ್ಟೋ ಕೇರಿಗಳಿಗೆ ದಾರಿ ಬಿಡಲಿಲ್ಲ ಎಂಬುದನ್ನೂ ಮರೆಯಬಾರದು.

ನೋಡುವವರೂ ಇರುವವರೂ

ಅಕ್ಟೋಬರಿನಿಂದ ಫೆಬ್ರವರಿವರೆಗೆ ಈ ಸೀಮೆಯಲ್ಲಿ ತಿರುಗಾಡಲು ಹದವಾದ ಕಾಲ. ಬೇಸಿಗೆಯಲ್ಲಿ ಬಂಡೆ ಕಾದು ಹೆಜ್ಜೆ ಇಡಲಾಗುವುದಿಲ್ಲ. ಒಂದೇ ದಿನದಲ್ಲಿ ಮೂರೂ ಊರು ಮುಗಿಸುವ ಅವಸರ ಬೇಡ. ಒಂದು ರಾತ್ರಿಯಾದರೂ ಉಳಿಯಿರಿ, ಜೋಳದ ರೊಟ್ಟಿ ಉಣ್ಣಿರಿ, ಊರವರ ಜತೆ ಮಾತಾಡಿರಿ. ಯಾಕೆಂದರೆ ಇಲ್ಲಿ ಬದುಕುವವರ ಪಾಲಿಗೆ ಈ ಗುಡಿಗಳು ವರವೂ ಹೌದು, ಕಷ್ಟವೂ ಹೌದು. ಐಹೊಳೆಯ ಮನೆಗಳು ಸ್ಮಾರಕಗಳಿಗೆ ಅಂಟಿಕೊಂಡೇ ಇವೆ. ಊರನ್ನು ಬೇರೆಡೆಗೆ ಸಾಗಿಸುವ ಮಾತು ವರ್ಷಗಳಿಂದ ಕೇಳಿಬರುತ್ತಿದೆ. ಸ್ಮಾರಕದ ಬಳಿ ಗೋಡೆ ಎಬ್ಬಿಸಲು, ಕೋಣೆ ಕಟ್ಟಲು ಕಾನೂನಿನ ತಡೆಯಿದೆ. 2009ರಲ್ಲಿ ಮತ್ತು 2019ರಲ್ಲಿ ಮಲಪ್ರಭೆ ಉಕ್ಕಿ ಬಂತು. 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ಗುಡಿಗಳ ಆವರಣವೇ ನೀರಿನಲ್ಲಿ ನಿಂತಿತು. ಪತ್ರಿಕೆಗಳಲ್ಲಿ ಗುಡಿಗಳ ಚಿತ್ರ ಬಂತು, ಹೊಲ ಮನೆ ಕಳಕೊಂಡವರ ಚಿತ್ರ ಕಡಿಮೆ ಬಂತು. ಕಲ್ಲನ್ನು ಉಳಿಸುವುದೂ ಕರ್ತವ್ಯ, ಮನುಷ್ಯನನ್ನು ಉಳಿಸುವುದೂ ಕರ್ತವ್ಯ. ಒಂದಕ್ಕಾಗಿ ಇನ್ನೊಂದನ್ನು ಕೈಬಿಡುವ ಯೋಜನೆ ನ್ಯಾಯದ್ದಲ್ಲ.

ಹೆಸರುಗಳ ವಿಷಯಕ್ಕೂ ಇದೇ ಮಾತು. ಊರು, ಬೀದಿ, ನಿಲ್ದಾಣಗಳ ಹೆಸರು ಬದಲಿಸುವ ಹುಮ್ಮಸ್ಸು ನಮ್ಮ ಕಾಲದಲ್ಲಿ ಹೆಚ್ಚಿದೆ. ನಾಳೆ ಯಾರಾದರೂ ಲಾಡಖಾನನ ಹೆಸರನ್ನು ಅಳಿಸಲು ಹೊರಟರೆ ಅಂಬಿಗರ, ಬಡಿಗರ ಹೆಸರುಗಳನ್ನೂ ಕೇಳಿ ನೋಡಬೇಕಾಗುತ್ತದೆ. ಅವರೆಲ್ಲ ಒಂದೇ ಓಣಿಯ ನೆರೆಯವರು. ಆ ಹೆಸರುಗಳು ಹೋದರೆ ರಾಜರ ಕಾಲಕ್ಕೂ ಪುರಾತತ್ವ ಇಲಾಖೆಯ ಕಾಲಕ್ಕೂ ನಡುವೆ ಆ ಕಲ್ಲುಗಳ ಜತೆ ಬಾಳಿದ ಸಾಮಾನ್ಯ ಜನರ ಏಕೈಕ ದಾಖಲೆಯೂ ಹೋದಂತೆ.

ನಮ್ಮ ಮುಸ್ಲಿಮ್ ಯುವಕರಿಗೂ ಒಂದು ಮಾತು. ಐಹೊಳೆ, ಬಾದಾಮಿ ನಮಗೆ ಸಂಬಂಧಿಸಿದ್ದಲ್ಲ ಎಂದು ಬಸ್ಸಿನಲ್ಲೇ ಕೂತಿರುವವರನ್ನು ನಾವು ಕಂಡಿದ್ದೇವೆ. ಭೂಮಿಯಲ್ಲಿ ಸಂಚರಿಸಿ, ಹಿಂದೆ ಬಾಳಿದವರ ಕುರುಹುಗಳನ್ನು ನೋಡಿ ಪಾಠ ಕಲಿಯಲು ಕುರ್‌ಆನ್ ಮತ್ತೆ ಮತ್ತೆ ಪ್ರೇರೇಪಿಸುತ್ತದೆ. ನಮ್ಮ ವಿಶ್ವಾಸ ನಮ್ಮದು, ಆರಾಧನೆ ನಮ್ಮದು. ಆದರೆ ಈ ಮಣ್ಣಿನ ನೆನಪು ಎಲ್ಲರದು. ಅದನ್ನು ಬೇರೆಯವರಿಗೆ ಬಿಟ್ಟುಕೊಟ್ಟು, ಆಮೇಲೆ ಅದರಲ್ಲಿ ನಮ್ಮ ಪಾಲಿಲ್ಲ ಎಂದು ದೂರುವುದು ಸರಿಯಲ್ಲ. ಮುಂದಿನ ಸಲ ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟು ಕೊಳ್ಳಿ. ಹಾಗೆಯೇ ಐಹೊಳೆಯ ಕವಲಿಗೆ ತಿರುಗಿ, ಲಾಡಖಾನನ ಗುಡಿಯ ಕಟ್ಟೆಯ ಮೇಲೆ ಒಂದಿಷ್ಟು ಹೊತ್ತು ಕೂತು ಬನ್ನಿ.